ಸೀಸನ್ ಶುರುವಾಗುವ ಮುಂಚೆಯೇ ನಂಬರ್ ಒನ್: ಆ ಪಟ್ಟಿಯನ್ನು ಎಷ್ಟು ನಂಬಬೇಕು?

ಆಗಸ್ಟ್ ಬಂತೆಂದರೆ ಈ ಪ್ರಶ್ನೆ ತಪ್ಪುವುದಿಲ್ಲ. ಮಗಳು ಪೆನ್ ಸ್ಟೇಟ್‌ಗೆ ಸೇರಿರುತ್ತಾಳೆ, ಇಲ್ಲವೇ ತಮ್ಮ ಆಸ್ಟಿನ್‌ನಲ್ಲಿ ಎಂಎಸ್ ಮಾಡುತ್ತಿರುತ್ತಾನೆ. ಮನೆಯ ವಾಟ್ಸಾಪ್ ಗುಂಪಿಗೆ ಅಮೆರಿಕದ ಕಾಲೇಜ್ ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ಟಾಪ್ 25 ಪಟ್ಟಿಯ ಸ್ಕ್ರೀನ್‌ಶಾಟ್ ಬಂದು ಬೀಳುತ್ತದೆ. "ಇನ್ನೂ ಒಂದು ಮ್ಯಾಚೂ ಆಡಿಲ್ಲ, ಅದು ಹೇಗೆ ನಂಬರ್ ಒನ್? ಇದನ್ನ ನಂಬಬಹುದಾ?"

ಚಿಕ್ಕ ಉತ್ತರ: ಯಾರ ಹತ್ತಿರ ಒಳ್ಳೆಯ ಆಟಗಾರರಿದ್ದಾರೆ ಎಂಬ ಮಟ್ಟಿಗೆ ನಂಬಿ. ಯಾರು ಎಷ್ಟು ಪಂದ್ಯ ಗೆಲ್ಲುತ್ತಾರೆ ಎಂಬುದಕ್ಕೆ ಆ ಪಟ್ಟಿ ಉತ್ತರವೇ ಅಲ್ಲ. ಆ ಲೆಕ್ಕವನ್ನು ನೀವೇ ಹಾಕಿಕೊಳ್ಳಬಹುದು, ಅರ್ಧ ಗಂಟೆಯ ಕೆಲಸ. ದೊಡ್ಡ ಉತ್ತರ ಕೆಳಗಿದೆ.

ಪಟ್ಟಿ ಯಾಕೆ ಬೇಕಾಯಿತು ಅನ್ನುವುದು ಮೊದಲು. ಐಪಿಎಲ್‌ನಲ್ಲಿ ಹತ್ತು ತಂಡ, ತಲಾ 14 ಲೀಗ್ ಪಂದ್ಯ. ಎಲ್ಲರೂ ಎಲ್ಲರ ಎದುರು ಆಡುತ್ತಾರೆ, ಪಾಯಿಂಟ್ಸ್ ಟೇಬಲ್ ಸಾಕು. ಕಾಲೇಜ್ ಫುಟ್‌ಬಾಲ್‌ನ ಮೇಲ್ದರ್ಜೆಯಲ್ಲಿ 2025ರಲ್ಲಿ 136 ತಂಡಗಳಿದ್ದವು, ಒಂದೊಂದಕ್ಕೂ ಸಿಗುವುದು 12 ಪಂದ್ಯ. ಟೆಕ್ಸಸ್ ಮತ್ತು ಒರೆಗಾನ್ ಇಡೀ ಸೀಸನ್‌ನಲ್ಲಿ ಮುಖಾಮುಖಿ ಆಗದೇ ಇರಬಹುದು. ಹಾಗಾಗಿ ಇಲ್ಲಿ ಯಾರು ದೊಡ್ಡವರು ಅನ್ನುವುದು ಯಾವಾಗಲೂ ಅರ್ಧ ಅಭಿಪ್ರಾಯದ ವಿಷಯ. ಅಸೋಸಿಯೇಟೆಡ್ ಪ್ರೆಸ್, ಅಂದರೆ ಎಪಿ, 1936ರಿಂದ ಪತ್ರಕರ್ತರ ಮತ ಕೂಡಿಸಿ ಪಟ್ಟಿ ಮಾಡುತ್ತಿದೆ. ಸೀಸನ್‌ಗೆ ಮುಂಚಿನ ಪಟ್ಟಿ 1950ರಿಂದ ಬರುತ್ತಿದೆ. ಅರವತ್ತು ಚಿಲ್ಲರೆ ಮಂದಿ ತಲಾ 25 ತಂಡದ ಹೆಸರು ಬರೆಯುತ್ತಾರೆ. ಮೊದಲ ಸ್ಥಾನಕ್ಕೆ 25 ಅಂಕ, ಎರಡನೆಯದಕ್ಕೆ 24, ಹೀಗೇ ಇಳಿಯುತ್ತಾ ಕೊನೆಗೆ 1. ಕೂಡಿಸಿದರೆ ಪಟ್ಟಿ. ಕೋಚ್‌ಗಳದ್ದೂ ಒಂದು ಪಟ್ಟಿ ಇದೆ, ಆಗಸ್ಟ್ ಮೊದಲ ದಿನಗಳಲ್ಲಿ ಬರುತ್ತದೆ. ತಮ್ಮ ತಂಡ ಕಟ್ಟುವ ಗಡಿಬಿಡಿಯಲ್ಲಿರುವ ಕೋಚ್ ಉಳಿದ 135 ತಂಡಗಳನ್ನು ಎಷ್ಟು ಗಮನಿಸಿಯಾನು? ಅದನ್ನು ನಾನು ಲೆಕ್ಕಕ್ಕೆ ಇಡುವುದಿಲ್ಲ.

ಈಗ 2025ರ ಎಪಿ ಪಟ್ಟಿಯನ್ನೇ ಕೈಗೆತ್ತಿಕೊಳ್ಳೋಣ. ಆಗಸ್ಟ್‌ನಲ್ಲಿ ಮೊದಲ ಹತ್ತು ಹೀಗಿತ್ತು: ಟೆಕ್ಸಸ್, ಪೆನ್ ಸ್ಟೇಟ್, ಓಹಾಯೋ ಸ್ಟೇಟ್, ಕ್ಲೆಮ್ಸನ್, ಜಾರ್ಜಿಯಾ, ನೋಟರ್‌ಡೇಮ್, ಒರೆಗಾನ್, ಅಲಬಾಮಾ, ಎಲ್‌ಎಸ್‌ಯು, ಮಯಾಮಿ. ಡಿಸೆಂಬರ್‌ನಲ್ಲಿ 12 ತಂಡಗಳ ಪ್ಲೇಆಫ್‌ಗೆ ಹೋದವರನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮೊದಲ ಹತ್ತರಿಂದ ಐದೇ ಐದು: ಓಹಾಯೋ ಸ್ಟೇಟ್, ಜಾರ್ಜಿಯಾ, ಒರೆಗಾನ್, ಅಲಬಾಮಾ, ಮಯಾಮಿ. 11ರಿಂದ 17ರವರೆಗೆ ಇದ್ದವರಲ್ಲಿ ಒಬ್ಬರೂ ಇಲ್ಲ. ಆದರೆ 18ರ ಒಕ್ಲಹೋಮಾ, 19ರ ಟೆಕ್ಸಸ್ ಎ ಅಂಡ್ ಎಂ, 20ರ ಇಂಡಿಯಾನಾ, 21ರ ಓಲ್ ಮಿಸ್, 23ರ ಟೆಕ್ಸಸ್ ಟೆಕ್, ಐವರೂ ಹೋದರು. ಉಳಿದ ಎರಡು ಜಾಗ ಪಟ್ಟಿಯಲ್ಲೇ ಇಲ್ಲದ ಟುಲೇನ್ ಮತ್ತು ಜೇಮ್ಸ್ ಮ್ಯಾಡಿಸನ್‌ಗೆ. 13ರ ಸೌತ್ ಕೆರೊಲಿನಾ, 15ರ ಫ್ಲೋರಿಡಾ ಇಬ್ಬರೂ 4 ಗೆದ್ದು 8 ಸೋತರು. ಎರಡನೇ ಸ್ಥಾನದ ಪೆನ್ ಸ್ಟೇಟ್ ಅಕ್ಟೋಬರ್ ಮಧ್ಯಕ್ಕೆ ಕೋಚ್ ಜೇಮ್ಸ್ ಫ್ರಾಂಕ್ಲಿನ್‌ರನ್ನು ಮನೆಗೆ ಕಳಿಸಿತ್ತು. ಆ ತಂಡ ಮತ್ತು ನಾಲ್ಕನೇ ಸ್ಥಾನದ ಕ್ಲೆಮ್ಸನ್ ಡಿಸೆಂಬರ್ ಕೊನೆಗೆ ಭೇಟಿಯಾದವು, ಆದರೆ ಪ್ಲೇಆಫ್‌ನಲ್ಲಲ್ಲ, ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ನಡೆಯುವ ಪಿನ್‌ಸ್ಟ್ರೈಪ್ ಬೌಲ್ ಎಂಬ ಪಂದ್ಯದಲ್ಲಿ. ಇಪ್ಪತ್ತನೇ ಸ್ಥಾನದ ಇಂಡಿಯಾನಾ 16 ಆಡಿ 16 ಗೆದ್ದು, ಫೈನಲ್‌ನಲ್ಲಿ ಮಯಾಮಿಯನ್ನು 27-21ರಿಂದ ಸೋಲಿಸಿ ಚಾಂಪಿಯನ್ ಆಯಿತು.

ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತೀರಿ. ಸ್ವಲ್ಪ ತಾಳಿ. ಒಂದು ವರ್ಷ ನೋಡಿ ಪಟ್ಟಿಯನ್ನು ಕಸದಬುಟ್ಟಿಗೆ ಹಾಕುವುದೂ ಪಟ್ಟಿಯನ್ನು ಕಣ್ಣುಮುಚ್ಚಿ ನಂಬಿದಷ್ಟೇ ಅವಸರದ ಕೆಲಸ. 2005ರಿಂದ 2025ರವರೆಗಿನ 21 ಸೀಸನ್ ತೆಗೆದುಕೊಳ್ಳಿ. ಆಗಸ್ಟ್‌ನ ನಂಬರ್ ಒನ್ ಕೊನೆಗೆ ಚಾಂಪಿಯನ್ ಆದದ್ದು ಒಂದೇ ಸಲ, 2017ರ ಅಲಬಾಮಾ. ಆದರೆ ನಂಬರ್ ಎರಡರಲ್ಲಿದ್ದವರು ಎಂಟು ಸಲ ಗೆದ್ದಿದ್ದಾರೆ. 2023ರ ಮಿಶಿಗನ್, 2024ರ ಓಹಾಯೋ ಸ್ಟೇಟ್ ಕೂಡ ಹಾಗೆಯೇ. 21 ಚಾಂಪಿಯನ್‌ಗಳಲ್ಲಿ 18 ತಂಡಗಳು ಆಗಸ್ಟ್‌ನಲ್ಲಿ ಮೊದಲ ಏಳರೊಳಗೇ ಇದ್ದವು. ಹೊರಗಿನಿಂದ ಬಂದವರು ಮೂವರೇ: 2010ರ ಆಬರ್ನ್ (22), 2013ರ ಫ್ಲೋರಿಡಾ ಸ್ಟೇಟ್ (11), ಈಗ ಇಂಡಿಯಾನಾ (20). ಅಂದರೆ ಪ್ರಶಸ್ತಿ ಯಾವ ಏಳು ಮನೆಗಳಲ್ಲಿ ಒಂದಕ್ಕೆ ಹೋಗಬಹುದು ಎಂಬುದನ್ನು ಪಟ್ಟಿ ಚೆನ್ನಾಗಿಯೇ ಹೇಳುತ್ತಾ ಬಂದಿದೆ. ಏಳರಲ್ಲಿ ಯಾವುದು ಅನ್ನುವುದು ಅದಕ್ಕೆ ಗೊತ್ತಿಲ್ಲ. 11ರಿಂದ ಕೆಳಗಂತೂ 13ಕ್ಕೂ 23ಕ್ಕೂ ಇರುವ ವ್ಯತ್ಯಾಸ ಬರೀ ಗದ್ದಲ.

ಮೊದಲ ಏಳನ್ನು ಹಿಡಿಯಲು ಅಷ್ಟೇನೂ ಜಾಣತನ ಬೇಕಿಲ್ಲ, ಕಾರಣ ಹೈಸ್ಕೂಲ್ ಹುಡುಗರ ಆಯ್ಕೆಯಲ್ಲಿದೆ. ಹೈಸ್ಕೂಲ್ ಆಟಗಾರರಿಗೆ ಅಲ್ಲಿ ಎರಡರಿಂದ ಐದು ಸ್ಟಾರ್ ಕೊಡುವ ಸಂಸ್ಥೆಗಳಿವೆ. ಹಿಂದಿನ ನಾಲ್ಕು ವರ್ಷ ಸೇರಿಸಿಕೊಂಡ ಹುಡುಗರಲ್ಲಿ ನಾಲ್ಕು-ಐದು ಸ್ಟಾರ್‌ನವರು ಅರ್ಧಕ್ಕಿಂತ ಹೆಚ್ಚಿದ್ದರೆ ಆ ತಂಡ ಬ್ಲೂ-ಚಿಪ್ ಗುಂಪಿಗೆ ಸೇರುತ್ತದೆ. ಬಡ್ ಎಲಿಯಟ್ ಎಂಬ ಪತ್ರಕರ್ತ ಜನಪ್ರಿಯಗೊಳಿಸಿದ ಈ ಅಳತೆ ಇತ್ತೀಚಿನ ವರ್ಷಗಳಲ್ಲಿ ಹದಿನೈದು ಹದಿನೆಂಟು ತಂಡಗಳನ್ನಷ್ಟೇ ಒಳಗೆ ಬಿಟ್ಟಿದೆ. ಚಾಂಪಿಯನ್‌ಗಳು ವರ್ಷ ವರ್ಷ ಅಲ್ಲಿಂದಲೇ ಬರುತ್ತಿದ್ದರು. ಇಂಡಿಯಾನಾ ಆ ಬೇಲಿ ಹಾರಿತು.

ಹಾಗಾದರೆ ತಪ್ಪುವುದೆಲ್ಲಿ? ಮತ ಹಾಕುವವರ ತಲೆಯಲ್ಲಿ ಹೋದ ಜನವರಿಯಲ್ಲಿ ಮುಗಿದ ಸೀಸನ್‌ನ ನೆನಪಿರುತ್ತದೆ, ಜೊತೆಗೆ ಹಳೇ ಮನೆತನದ ಹೆಸರಿರುತ್ತದೆ. ಮಲೆನಾಡಿನಲ್ಲಿ ಅಡಿಕೆ ತೋಟ ಚೇಣಿಗೆ ಹಿಡಿಯುವವನು ಯಜಮಾನರ ಮನೆಯ ಹೆಬ್ಬಾಗಿಲು ನೋಡಿ ಬೆಲೆ ಕಟ್ಟುವುದಿಲ್ಲ. ತೋಟಕ್ಕಿಳಿದು, ಕತ್ತು ಮೇಲೆತ್ತಿ, ಮರ ಮರದ ಗೊನೆ ನೋಡುತ್ತಾನೆ. ಫುಟ್‌ಬಾಲಿನಲ್ಲಿ ಆ ಗೊನೆ ಯಾವುದು ಅಂದರೆ ನಾನು ಮೊದಲು ನೋಡುವುದು ಎರಡನ್ನು, ಅದೂ ಒಟ್ಟಿಗೆ: ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್, ಅವನ ಮುಂದೆ ನಿಲ್ಲುವ ಐದು ಜನರ ಅಫೆನ್ಸಿವ್ ಲೈನ್.

2025ರ ಟೆಕ್ಸಸ್ ಇದಕ್ಕೆ ಪಾಠದಂತಿದೆ. ಅದರ ಕ್ವಾರ್ಟರ್‌ಬ್ಯಾಕ್ ಆರ್ಚ್ ಮ್ಯಾನಿಂಗ್‌ನ ಚಿಕ್ಕಪ್ಪಂದಿರು ಪೇಟನ್ ಮತ್ತು ಈಲೈ, ಇಬ್ಬರೂ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಹೆಸರಾಂತ ಕ್ವಾರ್ಟರ್‌ಬ್ಯಾಕ್‌ಗಳಾಗಿದ್ದವರು. ಮನೆತನದ ಹೆಸರಿಗೆ ಕೊರತೆಯಿಲ್ಲ. ಆದರೆ ಆಗಸ್ಟ್ 2025ಕ್ಕೆ ಅವನು ಆರಂಭದಿಂದ ಆಡಿದ್ದ ಕಾಲೇಜ್ ಪಂದ್ಯ ಎರಡೇ. ಲೈನಿನ ಐವರಲ್ಲಿ ನಾಲ್ವರು ಹೋಗಿದ್ದರು. ಆ ವರ್ಷದ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ತಂಡಗಳು ಕಾಲೇಜ್ ಹುಡುಗರನ್ನು ಆರಿಸಿಕೊಳ್ಳುವ ಸುತ್ತಿನಲ್ಲಿ, ಟೆಕ್ಸಸ್‌ನಿಂದ 12 ಆಟಗಾರರು ಆಯ್ಕೆಯಾಗಿದ್ದರು. ಹೊಸ ಕ್ವಾರ್ಟರ್‌ಬ್ಯಾಕ್ ಹಳೆಯ ಲೈನ್ ಹಿಂದೆ ನಿಭಾಯಿಸಬಲ್ಲ. ಹೊಸ ಲೈನ್ ಹಳೆಯ ಕ್ವಾರ್ಟರ್‌ಬ್ಯಾಕ್ ಮುಂದೆ ನಿಂತು ಕಲಿಯಬಲ್ಲದು, ಯಾಕೆಂದರೆ ಎದುರಾಳಿ ಎಲ್ಲಿಂದ ನುಗ್ಗುತ್ತಾನೆ ಅನ್ನುವುದನ್ನು ಅವನೇ ಕೂಗಿ ಹೇಳುತ್ತಾನೆ. ಎರಡೂ ಹೊಸದಾದರೆ ಆ ಕೂಗುವವನೂ ಇಲ್ಲ, ಕೇಳಿಸಿಕೊಳ್ಳುವವರೂ ಇಲ್ಲ. ಚೆಂಡು ಕೈಗೆ ಬಂದು ಎರಡೂವರೆ ಸೆಕೆಂಡಿನೊಳಗೆ ಎಸೆಯಬೇಕು. ಲೈನಿನಲ್ಲಿ ಅಕ್ಕಪಕ್ಕ ನಿಲ್ಲುವ ಗಾರ್ಡ್ ಮತ್ತು ಟ್ಯಾಕಲ್ ನಡುವೆ ಇವನು ನಿನ್ನವನಾ ನನ್ನವನಾ ಎಂಬ ಅರ್ಧ ಸೆಕೆಂಡಿನ ಗೊಂದಲ ಸಾಕು. ಮೊದಲ ಪಂದ್ಯದಲ್ಲೇ, ಆಗಸ್ಟ್ 30ರಂದು ಓಹಾಯೋ ಸ್ಟೇಟ್‌ನ ಊರು ಕೊಲಂಬಸ್‌ನಲ್ಲಿ, ಟೆಕ್ಸಸ್ ಅವರಿಗೆ 7-14ರಿಂದ ಸೋತಿತು. ನಂಬರ್ ಒನ್ ತಂಡ ಗಳಿಸಿದ್ದು ಒಂದೇ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸುವುದು, ಸಾಮಾನ್ಯವಾಗಿ ಏಳು ಅಂಕ).

ನನ್ನ ಕೈಲೆಕ್ಕ ಹೀಗೆ: ಕ್ವಾರ್ಟರ್‌ಬ್ಯಾಕ್ ಹೊಸಬ, ಲೈನಿನಲ್ಲಿ ಮೂವರಿಗಿಂತ ಹೆಚ್ಚು ಹೊಸಬರು, ಎರಡೂ ಆಗಿದ್ದರೆ ಮನಸ್ಸಿನಲ್ಲಿರುವ ಗೆಲುವಿನ ಸಂಖ್ಯೆಯಿಂದ ಒಂದು ಕಳೆಯಿರಿ. ಆದರೆ ಹಳಬರೆಲ್ಲ ವಾಪಸ್ ಬಂದರೆ ಒಂದು ಕೂಡಿಸಬೇಡಿ. ಪೆನ್ ಸ್ಟೇಟ್‌ಗೆ ಕ್ವಾರ್ಟರ್‌ಬ್ಯಾಕ್ ಡ್ರೂ ಆಲರ್ ಮರಳಿದ್ದ, ಇಬ್ಬರು ಒಳ್ಳೆಯ ಓಟಗಾರರು ಮರಳಿದ್ದರು, ಓಹಾಯೋ ಸ್ಟೇಟ್‌ನ ಡಿಫೆನ್ಸ್ ಕೋಚ್‌ನನ್ನೇ ಎಳೆದು ತಂದಿದ್ದರು. ಕಾಗದದ ಮೇಲೆ ಅದಕ್ಕಿಂತ ಸಿದ್ಧವಾದ ತಂಡವೇ ಇರಲಿಲ್ಲ. ಒರೆಗಾನ್ ಎದುರು ಎರಡು ಓವರ್‌ಟೈಮ್ ಆಡಿ ಸೋತ ಮುಂದಿನ ವಾರವೇ, ಅಲ್ಲಿಯವರೆಗೆ ಒಂದೂ ಗೆಲ್ಲದಿದ್ದ ಯುಸಿಎಲ್‌ಎಗೆ 37-42ರಿಂದ ಸೋತರು. ಅನುಭವ ನೆಲಮಟ್ಟವನ್ನು ಎತ್ತುತ್ತದೆ ಅನ್ನುತ್ತಾರೆ; ಆ ವಾರ ನೆಲವೇ ಕುಸಿಯಿತು.

ಈಗ ಎಲ್ಲಕ್ಕಿಂತ ಉಪಯೋಗದ ಕೆಲಸಕ್ಕೆ ಬರುತ್ತೇನೆ: ವೇಳಾಪಟ್ಟಿಯ ಲೆಕ್ಕ. ಬೇಕಾದದ್ದು ತಂಡದ 12 ಪಂದ್ಯಗಳ ಪಟ್ಟಿ ಮತ್ತು ಒಂದು ಅಂಕಿಅಂಶದ ರೇಟಿಂಗ್. ಇಎಸ್‌ಪಿಎನ್‌ನಲ್ಲಿ ಬರುವ ಎಸ್‌ಪಿ ಪ್ಲಸ್ ಸಾಕು. ಬಿಲ್ ಕಾನೆಲಿ ಮಾಡಿದ ಈ ರೇಟಿಂಗ್ ಸೀಸನ್‌ಗೆ ಮುಂಚೆ ಮೂರು ಸಂಗತಿ ಬೆರೆಸುತ್ತದೆ: ಹೋದ ವರ್ಷದ ಆಟದಲ್ಲಿ ಎಷ್ಟು ಪಾಲು ಮರಳಿ ಬರುತ್ತಿದೆ, ಸೇರಿಸಿಕೊಂಡ ಆಟಗಾರರ ಗುಣಮಟ್ಟ, ಇತ್ತೀಚಿನ ವರ್ಷಗಳ ಚರಿತ್ರೆ. ಪ್ರತಿ ತಂಡಕ್ಕೂ ಅಂಕಗಳಲ್ಲಿ ಒಂದು ಸಂಖ್ಯೆ ಸಿಗುತ್ತದೆ. ನಿಮ್ಮ ತಂಡ 22, ಎದುರಾಳಿ 15 ಇದ್ದರೆ ವ್ಯತ್ಯಾಸ 7. ಪಂದ್ಯ ನಿಮ್ಮ ಊರಿನಲ್ಲಾದರೆ ಎರಡೂವರೆ ಅಂಕ ಕೂಡಿಸಿ, ಅವರ ಊರಿನಲ್ಲಾದರೆ ಕಳೆಯಿರಿ. ಬಂದ ಅಂತರವನ್ನು ಗೆಲುವಿನ ಸಾಧ್ಯತೆಗೆ ಬದಲಿಸಬೇಕು. ಈ ಆಟದಲ್ಲಿ ಅಂದಾಜಿನ ಅಂತರಕ್ಕೂ ನಿಜಕ್ಕೂ ಸುಮಾರು 16 ಅಂಕದ ಚೆದುರು ಇರುತ್ತದೆ, ಅದನ್ನಿಟ್ಟುಕೊಂಡರೆ: 3 ಅಂಕದ ಮೇಲುಗೈ ಅಂದರೆ 57 ಶೇಕಡ, 7 ಅಂದರೆ 67, 10 ಅಂದರೆ 73, 14 ಅಂದರೆ 81, 21 ಅಂದರೆ 90ರ ಆಸುಪಾಸು, 28 ಅಂದರೆ 96. ಹೆಚ್ಚಿನವರು ಎಡವುವುದು 7ರ ಹತ್ತಿರ. "ಒಂದು ಟಚ್‌ಡೌನ್ ಮುಂದಿದ್ದೇವೆ, ಗೆದ್ದಂತೆಯೇ" ಅಂದುಕೊಳ್ಳುತ್ತಾರೆ. ಮೂರು ಸಲಕ್ಕೆ ಒಂದು ಸಲ ಸೋಲುವ ಪಂದ್ಯ ಅದು.

ಹನ್ನೆರಡೂ ಪಂದ್ಯಗಳ ಸಾಧ್ಯತೆ ಕೂಡಿಸಿದರೆ ನಿರೀಕ್ಷಿಸಬಹುದಾದ ಗೆಲುವು ಸಿಗುತ್ತದೆ; 99 ಶೇಕಡ ಅಂದರೆ 0.99 ಗೆಲುವು. ಟೆಕ್ಸಸ್‌ನ 2025ರ ವೇಳಾಪಟ್ಟಿಗೇ ಹಾಕಿ ನೋಡೋಣ. ಸಾಧ್ಯತೆಯ ಅಂಕಿಗಳು ಕ್ರಮ ತೋರಿಸಲು ನಾನು ಇಟ್ಟ ಅಂದಾಜು. ಫಲಿತಾಂಶ ಗೊತ್ತಿದ್ದು ಹಾಕಿದ್ದು ಎಂದು ತಕರಾರು ಮಾಡಿದರೆ ಒಪ್ಪುತ್ತೇನೆ. ಸ್ಯಾನ್ ಹೋಸೆ ಸ್ಟೇಟ್, ಯುಟೆಪ್, ಸ್ಯಾಮ್ ಹ್ಯೂಸ್ಟನ್ ಮೂರೂ 99, ಸೇರಿ 2.97 ಗೆಲುವು. ಕೆಂಟಕಿ, ಮಿಸಿಸಿಪಿ ಸ್ಟೇಟ್, ಆರ್ಕನ್ಸಾ ತಲಾ 88, ಸೇರಿ 2.64. ವಾಂಡರ್‌ಬಿಲ್ಟ್ 85. ಇಲ್ಲಿಗೆ 6.46. ಡಲ್ಲಾಸ್‌ನಲ್ಲಿ ಒಕ್ಲಹೋಮಾ 70, ತವರಿನಲ್ಲಿ ಎ ಅಂಡ್ ಎಂ 68, ಫ್ಲೋರಿಡಾಕ್ಕೆ ಹೋಗಿ 65, ಸೇರಿ 2.03. ಕೊನೆಗೆ ಕೊಲಂಬಸ್‌ನಲ್ಲಿ ಓಹಾಯೋ ಸ್ಟೇಟ್ 45, ಆಥೆನ್ಸ್‌ನಲ್ಲಿ ಜಾರ್ಜಿಯಾ 42, ಸೇರಿ 0.87. ಒಟ್ಟು 9.36. ಹನ್ನೆರಡರಲ್ಲಿ ಸುಮಾರು ಒಂಬತ್ತೂವರೆ! ನಂಬರ್ ಒನ್ ಎಂದು ಕರೆಸಿಕೊಂಡ ತಂಡಕ್ಕೆ ಇದು ಸಹಜ ಸಂಖ್ಯೆ. ಹನ್ನೆರಡೂ ಗೆಲ್ಲುವ ಸಾಧ್ಯತೆ ಬೇಕಾದರೆ ಕೂಡಿಸುವ ಬದಲು ಗುಣಿಸಿ: ನೂರಕ್ಕೆ ಮೂರು. ಟೆಕ್ಸಸ್ ನಿಜಕ್ಕೂ 9 ಗೆದ್ದು 3 ಸೋತಿತು, ಪ್ಲೇಆಫ್ ತಪ್ಪಿತು. ಸೋತದ್ದು ಓಹಾಯೋ ಸ್ಟೇಟ್, ಜಾರ್ಜಿಯಾ, ಮತ್ತು ಆ 65 ಶೇಕಡದ ಫ್ಲೋರಿಡಾಕ್ಕೆ. 88 ಅಂದುಕೊಂಡ ಕೆಂಟಕಿ, ಮಿಸಿಸಿಪಿ ಸ್ಟೇಟ್ ಎರಡನ್ನೂ ಓವರ್‌ಟೈಮ್‌ನಲ್ಲಿ ಹೇಗೋ ದಾಟಿತು. ಎಲ್ಲರೂ ಇದನ್ನು ಮಹಾ ವೈಫಲ್ಯ ಅಂದರು. ಲೆಕ್ಕದ ಪ್ರಕಾರ ಅಂದಾಜಿನ ಆಸುಪಾಸಿನಲ್ಲೇ ಮುಗಿದ ಸೀಸನ್ ಅದು. ತಪ್ಪಿದ್ದು ಪಟ್ಟಿ ಹುಟ್ಟಿಸಿದ ನಿರೀಕ್ಷೆ.

ಇದೇ ಲೆಕ್ಕವನ್ನು ಒಂದು ಇಡೀ ಕಾನ್ಫರೆನ್ಸ್‌ಗೂ, ಅಂದರೆ ಹೆಚ್ಚಿನ ಪಂದ್ಯಗಳನ್ನು ತಮ್ಮೊಳಗೇ ಆಡಿಕೊಳ್ಳುವ ತಂಡಗಳ ಗುಂಪಿಗೂ, ಹಾಕಬಹುದು. 16 ತಂಡಗಳ ಎಸ್‌ಇಸಿ 2026ರಿಂದ ಎಂಟರ ಬದಲು ಒಂಬತ್ತು ಒಳಪಂದ್ಯ ಆಡುವುದೆಂದು ತೀರ್ಮಾನಿಸಿದೆ. ತಂಡಕ್ಕೊಂದು ಪಂದ್ಯ ಹೆಚ್ಚಾದರೆ ಒಟ್ಟು ಎಂಟು ಪಂದ್ಯ ಹೆಚ್ಚು, ಅಂದರೆ ಎಂಟು ಸೋಲು ಗ್ಯಾರಂಟಿ. ಮೊದಲು ಆ ಜಾಗದಲ್ಲಿ ಬಹುಪಾಲು ಸಣ್ಣ ಕಾಲೇಜುಗಳ ವಿರುದ್ಧ ಸುಲಭ ಗೆಲುವು ಇರುತ್ತಿತ್ತು. ತಂಡಕ್ಕೆ ಸರಾಸರಿ ಅರ್ಧ ಗೆಲುವು ಕಡಿಮೆ ಇಟ್ಟುಕೊಳ್ಳಿ. ಎಷ್ಟೋ ಪಟ್ಟಿಗಳು ಇದನ್ನು ಮರೆಯುತ್ತವೆ.

ಮುಂದಿನದು ಹೋದ ವರ್ಷದ ಅದೃಷ್ಟ. 8 ಅಂಕ ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಮುಗಿದ ಪಂದ್ಯಗಳನ್ನು ಎಣಿಸಿ. ಅಂಥವನ್ನು ಬಹುಪಾಲು ಗೆದ್ದ ತಂಡ ಮುಂದಿನ ವರ್ಷ ಸಾಮಾನ್ಯವಾಗಿ ಅರ್ಧದ ಕಡೆಗೆ ಜಾರುತ್ತದೆ, ಏಕೆಂದರೆ ಕೆಳಗೆ ಬಿದ್ದು ಪುಟಿಯುವ ಮೊಟ್ಟೆಯಾಕಾರದ ಚೆಂಡು ಯಾರ ಕೈಗೆ ಸಿಗುತ್ತದೆ ಅನ್ನುವುದನ್ನು ಯಾವ ಕೋಚೂ ಕಲಿಸಲಾರ. 2022ರ ಟಿಸಿಯು ತಂಡ ಬಿಗ್ 12 ಎಂಬ ಕಾನ್ಫರೆನ್ಸ್‌ನಲ್ಲಿ ಏಳನೇ ಸ್ಥಾನದ ನಿರೀಕ್ಷೆಯೊಂದಿಗೆ ಶುರುವಾಗಿ, ಕೂದಲೆಳೆ ಅಂತರದ ಗೆಲುವುಗಳ ಸಾಲಿನ ಮೇಲೆ ಫೈನಲ್ ತನಕ ಹೋಗಿ, ಅಲ್ಲಿ ಜಾರ್ಜಿಯಾಗೆ 7-65ರಿಂದ ಸೋತಿತು. 2023ರ ಆಗಸ್ಟ್‌ನಲ್ಲಿ 17ನೇ ಸ್ಥಾನ ಕೊಟ್ಟರು. 5 ಗೆದ್ದು 7 ಸೋತಿತು. ಉಲ್ಟಾ ಯಾವಾಗಲೂ ಕೆಲಸ ಮಾಡುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನೆಬ್ರಾಸ್ಕಾ 2021ರಲ್ಲಿ ಒಂಬತ್ತು ಸೋಲನ್ನೂ ಹತ್ತಕ್ಕಿಂತ ಕಡಿಮೆ ಅಂಕಗಳ ಅಂತರದಲ್ಲೇ ಕಂಡಿತು. ಮುಂದಿನ ವರ್ಷ ದೆಸೆ ತಿರುಗುತ್ತದೆ ಅಂದವರೇ ಎಲ್ಲ. ತಿರುಗಲಿಲ್ಲ: 4 ಗೆಲುವು, 8 ಸೋಲು, ಸೆಪ್ಟೆಂಬರ್‌ನಲ್ಲೇ ಕೋಚ್ ವಜಾ.

ಇನ್ನು ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ಕಾಲೇಜು ಬದಲಿಸಬಯಸುವ ಆಟಗಾರರ ಪಟ್ಟಿ. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋದ ಹುಡುಗ ಮೊದಲು ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಸಲಕ್ಕೆ ಆ ನಿಯಮ ಸಡಿಲವಾಯಿತು, 2024ರಿಂದ ಎಷ್ಟು ಸಲ ಬೇಕಾದರೂ. ಹುಡುಗರು ಹೆಸರಿನಿಂದ ಹಣ ಮಾಡಲು 2021ರ ಜುಲೈನಿಂದ ಅವಕಾಶವಾಯಿತು. 2025ರಿಂದ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ದುಡ್ಡು ಕೊಡಬಹುದು, ಮೊದಲ ವರ್ಷದ ಮಿತಿ ಎಲ್ಲ ಆಟಗಳೂ ಸೇರಿ ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್. ಹೈಸ್ಕೂಲ್ ಸ್ಟಾರ್ ಎಣಿಸುವ ಹಳೆಯ ಅಳತೆ ಸಡಿಲವಾದದ್ದು ಇದರಿಂದಲೇ. ಆದರೆ ಪೋರ್ಟಲ್‌ನಿಂದ ಎಷ್ಟು ಜನ ಬಂದರು ಅನ್ನುವುದರಿಂದ ಏನೂ ತಿಳಿಯುವುದಿಲ್ಲ. ಇಂಡಿಯಾನಾದ ಕರ್ಟ್ ಸಿಗ್ನೆಟ್ಟಿ ತನ್ನ ಹಿಂದಿನ ಕಾಲೇಜು ಜೇಮ್ಸ್ ಮ್ಯಾಡಿಸನ್‌ನಿಂದ ಹತ್ತಕ್ಕೂ ಹೆಚ್ಚು ಹುಡುಗರನ್ನು ಕರೆತಂದ. ಕೋಚ್‌ನ ಭಾಷೆ ಅವರಿಗೆ ಮೊದಲೇ ಗೊತ್ತಿತ್ತು. ಹಿಂದಿನ ವರ್ಷ 3 ಗೆದ್ದು 9 ಸೋತಿದ್ದ ತಂಡ 2024ರಲ್ಲಿ 11 ಗೆದ್ದಿತು. ಮರುವರ್ಷ ಬಂದ ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾ ಕ್ಯಾಲಿಫೋರ್ನಿಯಾ ತಂಡದಲ್ಲಿ ಎರಡು ಸೀಸನ್ ಆಡಿ ಪಳಗಿದವನು, ಆ ವರ್ಷವೇ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದ. ಫ್ಲೋರಿಡಾ ಸ್ಟೇಟ್ 2024ರಲ್ಲಿ ಇದೇ ದಾರಿ ಹಿಡಿದಿತ್ತು: ಹಿಂದಿನ ವರ್ಷ 13 ಗೆದ್ದ ತಂಡದಿಂದ ಹತ್ತು ಜನ ಎನ್‌ಎಫ್‌ಎಲ್‌ಗೆ ಹೋದರು, ಖಾಲಿ ಜಾಗಗಳನ್ನು ಪೋರ್ಟಲ್‌ನಿಂದ ತುಂಬಿದರು, ಹತ್ತನೇ ಸ್ಥಾನವೂ ಸಿಕ್ಕಿತು. 2 ಗೆಲುವು, 10 ಸೋಲು. ಬಂದವನು ಹಿಂದಿನ ಕಾಲೇಜಿನಲ್ಲಿ ಎಷ್ಟು ಆಡಿದ್ದ, ಯಾಕೆ ಬಿಟ್ಟ, ಈ ಕೋಚ್‌ನನ್ನು ಮೊದಲೇ ಬಲ್ಲನಾ, ಈ ಮೂರು ಕೇಳಿ. ಅಲ್ಲಿ ಜಾಗ ಸಿಗದೆ ಬಂದ ಐದು ಸ್ಟಾರ್ ಹುಡುಗನಿಗಿಂತ ಸಣ್ಣ ಕಾಲೇಜಿನಲ್ಲಿ 25 ಪಂದ್ಯ ಆಡಿದವನು ನನಗೆ ಹೆಚ್ಚು.

ಪಟ್ಟಿಗೆ ನಿಜವಾದ ಅಪಾಯ ಮಾಡುವ ಶಕ್ತಿಯೂ ಒಮ್ಮೆ ಇತ್ತು. 2004ರಲ್ಲಿ ಯುಎಸ್‌ಸಿ ಒಂದರಲ್ಲಿ, ಒಕ್ಲಹೋಮಾ ಎರಡರಲ್ಲಿ, ಆಬರ್ನ್ 17ರಲ್ಲಿ ಶುರುಮಾಡಿದವು. ಫೈನಲ್‌ಗೆ ತಂಡ ಆರಿಸುವ ಹೊತ್ತಿಗೆ ಮೂರೂ ತಂಡಗಳು ಒಂದೂ ಸೋತಿರಲಿಲ್ಲ. ಆಗ ಫೈನಲ್‌ಗೆ ಹೋಗುವವರನ್ನು ಆರಿಸುವಾಗ ಈ ಮತಗಳೂ ಎಣಿಕೆಗೆ ಬರುತ್ತಿದ್ದವು; ಸೋಲದವರನ್ನು ಕೆಳಗಿಳಿಸುವ ಅಭ್ಯಾಸ ಮತದಾರರಿಗಿಲ್ಲ, ಫೈನಲ್‌ಗೆ ಇಬ್ಬರಿಗೇ ಜಾಗ. ಆಬರ್ನ್ 13 ಆಡಿ 13 ಗೆದ್ದೂ ಹೊರಗುಳಿಯಿತು. ಒಳಗೆ ಹೋದ ಒಕ್ಲಹೋಮಾ 19-55ರಿಂದ ಸೋತಿತು. ಈಗ ಪ್ಲೇಆಫ್ ತಂಡಗಳನ್ನು ಆರಿಸುವುದು ಒಂದು ಸಮಿತಿ. ಅದರ ಮೊದಲ ಪಟ್ಟಿ ಬರುವುದೇ ನವೆಂಬರ್ ಹೊತ್ತಿಗೆ. ಆಗಸ್ಟ್‌ನ ಸಂಖ್ಯೆಗೆ ಅಲ್ಲಿ ಅಧಿಕೃತ ಬೆಲೆಯಿಲ್ಲ.

ಕೊನೆಗೆ ಎಲ್ಲರೂ ಕೇಳುವ ಉಪಪ್ರಶ್ನೆ, ಆಗಸ್ಟ್‌ನ ಅಂದಾಜನ್ನು ಯಾವಾಗ ಬಿಸಾಕಬೇಕು? ಮೊದಲ ವಾರವೇ ಬೇಡ. ಓಹಾಯೋ ಸ್ಟೇಟ್ 2024ರಲ್ಲಿ ಎರಡು ಪಂದ್ಯ ಸೋತು, ಅದರಲ್ಲೊಂದು ತವರಿನಲ್ಲಿ ಮಿಶಿಗನ್‌ಗೆ 10-13ರಿಂದ ಸೋತು, ಆಮೇಲೆ ಚಾಂಪಿಯನ್ ಆಯಿತು. ಐದನೇ ವಾರದವರೆಗೆ ನಿಮ್ಮ 12 ಸಾಧ್ಯತೆಗಳನ್ನು ಇಟ್ಟುಕೊಂಡಿರಿ. ಪ್ರತಿ ಶನಿವಾರದ ನಂತರ ಆಡಿ ಮುಗಿದ ಪಂದ್ಯಕ್ಕೆ 1 ಅಥವಾ 0 ಹಾಕಿ, ಉಳಿದವನ್ನು ಹೊಸ ರೇಟಿಂಗ್ ಪ್ರಕಾರ ತಿದ್ದಿ. ಅಕ್ಟೋಬರ್ ಎರಡನೇ ವಾರಕ್ಕೆ ಸೀಸನ್‌ನ ಅರ್ಧ ಕೈಯಲ್ಲಿರುತ್ತದೆ, ಎಪಿ ಪಟ್ಟಿಯ ಹಳೇ ಸ್ಕ್ರೀನ್‌ಶಾಟ್ ಅಳಿಸಬಹುದು. ಊರಿನಲ್ಲಿ ಕೂತು ನೋಡುವವರಿಗೆ: ಪೂರ್ವ ಕರಾವಳಿ ಸಮಯದ ಮಧ್ಯಾಹ್ನ 12ರ ಪಂದ್ಯ ನಮಗೆ ರಾತ್ರಿ 9.30ಕ್ಕೆ, ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ 10.30ಕ್ಕೆ.